ಕಲ್ಲಿನ ಗೋಡೆಯ ಹಳೇ ಮನೆಯಲ್ಲಿ ಹೊಸ ವೈಫೈ ರೌಟರ್ ಎಲ್ಲಿಡಬೇಕು, ಹೇಗೆ ಸೆಟ್ ಮಾಡಬೇಕು?

ಗುಳೇದಗುಡ್ಡದಂಥ ಊರಿನ ಹಳೇ ಮನೆ, ಅಡಿಗಿಂತ ದಪ್ಪ ಕಲ್ಲಿನ ಗೋಡೆ ಅಂದುಕೊಳ್ಳಿ. ಹಾಗಾದರೆ ಸೆಟ್ಟಿಂಗ್‌ಗಿಂತ ಜಾಗವೇ ಮುಖ್ಯ. ಪಡಸಾಲೆ ಗೋಡೆಯ ಗೂಡಿನಲ್ಲಿ ಇಟ್ಟರೆ ನೋಡೋಕೆ ಚೆಂದ, ಆದರೆ ಸುತ್ತಲೂ ಕಲ್ಲು. ಸಿಗ್ನಲ್ ಅಲ್ಲೇ ಸಾಯುತ್ತದೆ. ಮನೆಯ ನಡುವೆ, ತಲೆಯೆತ್ತರದಲ್ಲಿ, ಒಳಕೋಣೆಗಳ ಬಾಗಿಲಿಗೆ ನೇರವಾಗಿ ಇಡಿ. ಕಬ್ಬಿಣದ ಕಪಾಟು, ಫ್ರಿಜ್ ಪಕ್ಕ ಬೇಡ. ಕನೆಕ್ಷನ್ ಕೊಡಲು ಬಂದವರು ವೈರ್ ಒಳಗೆ ಬಂದ ಜಾಗದಲ್ಲೇ ಮೊಳೆ ಹೊಡೆದು ಹೋಗುವುದೇ ಜಾಸ್ತಿ. ಉದ್ದದ ವೈರ್ ಕೇಳಿ ಹಾಕಿಸಿಕೊಳ್ಳಿ.

ಇನ್ನು ಸೆಟ್ ಮಾಡುವುದು. ಮೋಡೆಮ್‌ನಿಂದ (ಕನೆಕ್ಷನ್ ಕೊಟ್ಟವರು ಇಟ್ಟ ಡಬ್ಬಿ) ಬರುವ ವೈರನ್ನು ರೌಟರ್‌ನ ವ್ಯಾನ್ (WAN) ಪೋರ್ಟ್‌ಗೆ, ಅಂದರೆ ಇಂಟರ್ನೆಟ್ ಒಳಬರುವ ತೂತಿಗೆ ಚುಚ್ಚಿ. ರೌಟರ್ ತಿರುವಿ ನೋಡಿದರೆ ಚೀಟಿಯಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಇರುತ್ತದೆ. ಫೋನ್ ಅದಕ್ಕೆ ಸೇರಿಸಿ, ಚೀಟಿಯಲ್ಲಿರುವ ವಿಳಾಸವನ್ನು (ಸಾಮಾನ್ಯವಾಗಿ 192.168.0.1 ಅಥವಾ 192.168.1.1) ಬ್ರೌಸರ್‌ನಲ್ಲಿ ಹಾಕಿ. ಪಿಪಿಪಿಒಇ (PPPoE, ಇಂಟರ್ನೆಟ್ ಕಂಪನಿಗೆ ಲಾಗಿನ್ ಆಗುವ ಒಂದು ವಿಧಾನ) ಯೂಸರ್‌ನೇಮ್ ಕೇಳಿದರೆ ಸುಮ್ನೆ ಏನೋ ಒತ್ತಬೇಡಿ, ಅದನ್ನು ಕನೆಕ್ಷನ್ ಕೊಟ್ಟವರೇ ಹೇಳಬೇಕು. ವೈಫೈ ಪಾಸ್‌ವರ್ಡ್ ಜೊತೆ, ಈ ಸೆಟ್ಟಿಂಗ್ ಪುಟಕ್ಕೆ ಹೋಗಲು ಬೇಕಾದ ಅಡ್ಮಿನ್ ಪಾಸ್‌ವರ್ಡ್ ಕೂಡ ಬದಲಿಸಿ. ಎರಡನೆಯದನ್ನು ಮರೆಯುವವರೇ ಹೆಚ್ಚು. ಸೆಕ್ಯುರಿಟಿಗೆ, ಅಂದರೆ ವೈಫೈಗೆ ಬೀಗ ಹಾಕುವ ವಿಧಾನಕ್ಕೆ, ಡಬ್ಲ್ಯುಪಿಎ2 (WPA2) ಅಥವಾ ಡಬ್ಲ್ಯುಪಿಎ3 (WPA3) ಆರಿಸಿ.

ರೌಟರ್‌ನಲ್ಲಿ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎಂಬ ಎರಡೂ ಬಗೆಯ ವೈಫೈ ಅಲೆ ಇದ್ದರೆ ಅವಕ್ಕೆ ಹೆಸರು ಬೇರೆ ಬೇರೆ ಇಡಿ. 5ರಲ್ಲಿ ವೇಗ ಜಾಸ್ತಿ, ಆದರೆ ಗೋಡೆ ದಾಟುವುದು ಕಷ್ಟ. ಪಡಸಾಲೆಯ ಟಿವಿಗೆ 5, ಒಳಕೋಣೆಗೆ 2.4 ಸಾಕು. ಅದೂ ಹಿತ್ತಲ ಕೋಣೆಗೆ ಮುಟ್ಟದಿದ್ದರೆ ರಿಪೀಟರ್‌ಗೆ (ಸಿಗ್ನಲ್ ಹಿಡಿದು ಮತ್ತೆ ಹರಡುವ ಸಾಧನ) ದುಡ್ಡು ಹಾಕಬೇಡಿ. ಅದಕ್ಕೂ ಅದೇ ಕಲ್ಲು ಅಡ್ಡ ಅಲ್ವಾ? ರೌಟರ್‌ನಿಂದ ಆ ಕೋಣೆಗೆ ಒಂದು ಲ್ಯಾನ್ (ಇಂಟರ್ನೆಟ್) ವೈರ್ ಎಳೆದು, ಹಳೇ ರೌಟರ್ ಇದ್ದರೆ ಅದನ್ನೇ ಆ್ಯಕ್ಸೆಸ್ ಪಾಯಿಂಟ್ (ವೈರ್‌ನಲ್ಲಿ ಬಂದ ಇಂಟರ್ನೆಟ್ ಅನ್ನು ಅಲ್ಲಿ ವೈಫೈ ಆಗಿ ಹರಡುವ ಸಾಧನ) ಮಾಡಿ.