ಸಿಗ್ನಲ್ ಚೆನ್ನಾಗಿದೆ, ಮಾತು ಯಾಕೆ ತುಂಡಾಗುತ್ತದೆ?

ಪ್ರಶ್ನೆ: ನಾವು ನಾಲ್ವರು ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರು ಸೇರಿ 5.8 ಗಿಗಾಹರ್ಟ್ಸ್‌ನಲ್ಲಿ ಮೆಶ್, ಅಂದರೆ ಒಂದು ರೇಡಿಯೋ ಇನ್ನೊಂದಕ್ಕೆ ಮಾತು ದಾಟಿಸುವ ಜಾಲ, ಕಟ್ಟಿದ್ದೇವೆ. 10 ಕಿಲೋಮೀಟರ್ ಆಚೆಯ ನೋಡ್‌ನ (ಜಾಲದ ಇನ್ನೊಂದು ರೇಡಿಯೋದ) ಸಿಗ್ನಲ್ ಚೆನ್ನಾಗಿಯೇ ಸಿಗುತ್ತದೆ. ಆದರೂ ದನಿ ತುಂಡುತುಂಡಾಗುತ್ತದೆ. ಗಾಳಿ ಎದ್ದರಂತೂ ಇನ್ನೂ ಜಾಸ್ತಿ. ನಮ್ಮ ಕಡೆ ಪವರ್ ಹೆಚ್ಚಿಸಬೇಕೇ?

ಉತ್ತರ: ಪವರ್ ಸದ್ಯಕ್ಕೆ ಮುಟ್ಟಬೇಡಿ. ನಿಮ್ಮ ಕಡೆ ಹೆಚ್ಚಿಸಿದರೆ ಆ ಕಡೆಯವರಿಗೆ ನೀವು ಚೆನ್ನಾಗಿ ಕೇಳಿಸಬಹುದು, ಅವರು ನಿಮಗೆ ಕೇಳಿಸಬೇಕಲ್ವಾ?

ಮೊದಲು ಲಿಂಕ್ ಕ್ವಾಲಿಟಿಯ, ಅಂದರೆ ಎರಡು ನೋಡ್ ನಡುವೆ ನೂರಕ್ಕೆ ಎಷ್ಟು ಪ್ಯಾಕೆಟ್ (ಮಾತಿನ ತುಣುಕು) ತಲುಪುತ್ತದೆ ಎಂಬುದರ, ಎರಡೂ ಅಂಕಿ ನೋಡಿ. ಹೋಗುವಾಗ ನೂರಕ್ಕೆ 50, ಬರುವಾಗಲೂ 50 ಪ್ಯಾಕೆಟ್ ತಲುಪಿದರೆ, ಹೋಗಿ ಉತ್ತರ ತರುವುದು 25 ಮಾತ್ರ. ಅಂದರೆ ಒಂದು ಪ್ಯಾಕೆಟ್‌ಗೆ ಸರಾಸರಿ 4 ಸಲ ಕಳಿಸಬೇಕು. ಎರಡೂ ಕಡೆ 90 ಇದ್ದರೆ ಸುಮಾರು 1.2 ಸಲ ಸಾಕು. ಕೆಲವು ಮೆಶ್‌ಗಳಲ್ಲಿ ದಾರಿ ಹುಡುಕಲು ಬಳಸುವ ಓಎಲ್‌ಎಸ್‌ಆರ್ ಎಂಬ ವಿಧಾನ ಈ ಲೆಕ್ಕ ನೋಡಿಯೇ ದಾರಿ ಆರಿಸಬಲ್ಲದು. ಅಂಕಿ ಗಳಿಗೆಗೊಂದು ಥರ ಆದರೆ ದಾರಿಯೂ ಆಚೀಚೆ ಹೊರಳುತ್ತದೆ. ಆಗ ಆ ನೋಡ್ ನಂಬಿಕೊಂಡ ಎಲ್ಲರ ಮಾತೂ ಕೆಡುತ್ತದೆ. ಅದಕ್ಕೇ ನನಗೆ ಒಮ್ಮೆ ಓಡಿ ಒಮ್ಮೆ ನಿಲ್ಲುವ ವೇಗದ ಲಿಂಕ್‌ಗಿಂತ, ನಿಧಾನವಾದರೂ ಕದಲದ ಲಿಂಕೇ ಇಷ್ಟ.

ಗಾಳಿ ಎಂದಿರಲ್ಲ, ಕಂಬ ಹತ್ತಿ ನೋಡಿ. ನನ್ನ ಒಂದು ಲಿಂಕ್ ಹೀಗೇ ಕಾಡಿತ್ತು. ಮೂರು ವಾರ ಸುಮ್ನೆ ಸೆಟ್ಟಿಂಗ್ ಬದಲಿಸುತ್ತಾ ಕೂತಿದ್ದೆ. ಕೊನೆಗೆ ಮೇಲೆ ಹತ್ತಿ ಡಿಶ್ ಅಂಚು ಹಿಡಿದು ಅಲುಗಿಸಿದೆ. ಕ್ಲಾಂಪಿನ ಕೆಳಗಿನ ನಟ್ಟು ಬರಿಗೈಗೇ ತಿರುಗಿತು! ಕಂಬದ ಮೇಲೆ ನಟ್ಟು ಕೂರುವ ಜಾಗದಲ್ಲಿ ಬಣ್ಣ ಉಜ್ಜಿ ಹೋಗಿ ಲೋಹ ಹೊಳೆಯುತ್ತಿತ್ತು. ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿದೆ, ಅಂದಿನಿಂದ ಆ ಲಿಂಕ್ ಗಾಳಿಗೆ ಜಗ್ಗಿಲ್ಲ.

ನಟ್ಟು ಬಿಗಿಯಿದ್ದರೆ ಮಧ್ಯದ ಮರಗಳನ್ನು ನೋಡಿ. ಎದುರಿನ ಕಂಬ ಕಣ್ಣಿಗೆ ಕಂಡರಷ್ಟೇ ಸಾಲದು. ರೇಡಿಯೋ ಅಲೆಗೆ ನೇರ ಗೆರೆಯ ಸುತ್ತಲೂ ಜಾಗ ಬೇಕು. ನಿಮ್ಮ ದೂರಕ್ಕೆ ಈ ಫ್ರೆನೆಲ್ ವಲಯದ ತ್ರಿಜ್ಯ ನಡುದಾರಿಯಲ್ಲಿ ಸುಮಾರು 11 ಮೀಟರ್. ಅದರಲ್ಲಿ ನೂರಕ್ಕೆ 60 ಪಾಲು, ಅಂದರೆ 7 ಮೀಟರಾದರೂ ಖಾಲಿಯಿರಲಿ. ಅದರೊಳಗೆ ತೂಗುವ ಒಂದು ಮರದ ತಲೆ ಸಾಕು, ಲಿಂಕ್ ಏರಿಳಿಯಲು. ಆಗ ಎರಡೂ ಡಿಶ್ ಎತ್ತರಿಸಬೇಕು.

ಸೆಟ್ಟಿಂಗ್‌ನಲ್ಲಿ ದೂರ 10 ಕಿಲೋಮೀಟರ್‌ಗಿಂತ ಕಡಿಮೆ ಇಟ್ಟಿಲ್ಲ ತಾನೇ? ಹೋಗಿ ಬರಲು ಅಲೆಗೇ 67 ಮೈಕ್ರೋಸೆಕೆಂಡ್ ಬೇಕು. ತಲುಪಿತು ಎಂಬ ಉತ್ತರಕ್ಕೆ ಅಷ್ಟು ಹೊತ್ತು ಕಾಯದಿದ್ದರೆ ರೇಡಿಯೋ ತಲುಪಿದ ಪ್ಯಾಕೆಟ್ಟನ್ನೇ ಮತ್ತೆ ಕಳಿಸುತ್ತದೆ.

ಇವೆಲ್ಲ ಆದಮೇಲೆ ಒಂದು ದಿನ ಪೂರ್ತಿ, ಅರ್ಧ ಗಂಟೆಗೊಮ್ಮೆ ಎರಡೂ ಅಂಕಿ ಬರೆದಿಡಿ. ಗಾಳಿಯಿಲ್ಲದ ಹೊತ್ತಲ್ಲೂ ಇಳಿಯುತ್ತಿದ್ದರೆ ಅದೇ ಚಾನೆಲ್‌ನಲ್ಲಿ ಬೇರೆ ಯಾರೋ ಇರಬಹುದು. ಚಾನೆಲ್ ಬದಲಿಸಿ ನೋಡಿ, ಆ ಪಟ್ಟಿ ನನಗೂ ಕಳಿಸಿ.