ಕಾರ್ಬ್ಯುರೇಟರ್ ಉಕ್ಕಿದರೆ ಮಿಕ್ಸ್ಚರ್ ನಟ್ ಏನು ಮಾಡೀತು?

ಪ್ರಶ್ನೆ: ನನ್ನದು 1968ರ ಎಂಜಿಬಿ ಕಾರು, ಎರಡು ಎಸ್‌ಯು ಎಚ್‌ಎಸ್4 ಕಾರ್ಬ್ಯುರೇಟರ್. ಹಿಂದಿನದರ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಸುರಿಯುತ್ತದೆ. ಮಿಕ್ಸ್ಚರ್ ನಟ್ ಎಷ್ಟು ತಿರುಗಿಸಿದರೂ ನಿಲ್ಲುತ್ತಿಲ್ಲ.

ಉತ್ತರ: ಹೇಗೆ ನಿಂತೀತು? ಆ ನಟ್ ಎಂಜಿನ್ನಿಗೆ ಪೆಟ್ರೋಲ್ ಬಿಡುವ ಸಣ್ಣ ಕೊಳವೆಯಾದ ಜೆಟ್ಟನ್ನು ಏರಿಸಿ ಇಳಿಸುತ್ತದೆ, ಅಷ್ಟೇ ಅದರ ಕೆಲಸ. ಪೆಟ್ರೋಲ್ ಉಕ್ಕುತ್ತಿರುವುದು ಫ್ಲೋಟ್ ಚೇಂಬರಿನಲ್ಲಿ, ಅಂದರೆ ಪೆಟ್ರೋಲ್ ತುಂಬಿಕೊಳ್ಳುವ ಪುಟ್ಟ ಡಬ್ಬಿಯಲ್ಲಿ. ಅದರೊಳಗೆ ತೇಲುವ ಫ್ಲೋಟ್ ಮೇಲೇರಿದಾಗ ನೀಡಲ್ ವಾಲ್ವ್ ಮುಚ್ಚಿ ಪೆಟ್ರೋಲ್ ತಡೆಯಬೇಕು. ಈ ಪ್ರಶ್ನೆ ಕೇಳುವವರೆಲ್ಲ ಮೊದಲು ನಟ್ ತಿರುಗಿಸಿಯೇ ಬಂದಿರುತ್ತಾರೆ. ಈಗ ಅದನ್ನು ಪೂರ್ತಿ ಮೇಲಕ್ಕೆ ಒಯ್ದು ಎರಡು ಸುತ್ತು ಕೆಳಗಿಳಿಸಿ ಬಿಟ್ಟುಬಿಡಿ. ಟ್ಯೂನಿಂಗ್ ಆಮೇಲೆ.

ಸೋರಿಕೆ ನಿಲ್ಲುವವರೆಗೆ ಎಂಜಿನ್ ಚಾಲೂ ಮಾಡಲೇಬೇಡಿ. ಈ ಕಾರಿನಲ್ಲಿ ಕಾರ್ಬ್ಯುರೇಟರ್‌ಗಳ ಕೆಳಗೇ ಎಕ್ಸಾಸ್ಟ್ ಇದೆ.

ಎಂಜಿನ್ ತಣ್ಣಗಿರುವಾಗ, ಓವರ್‌ಫ್ಲೋ ಪೈಪಿನ ತುದಿಗೆ ಬಾಟಲಿ ಹಿಡಿದು, ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ನ ಸಣ್ಣ ವೈರ್ ಕಳಚಿ ಇಗ್ನಿಷನ್ ಆನ್ ಮಾಡಿ. ಪಂಪ್ ಟಕಟಕ ಎನ್ನುತ್ತದೆ. ಚೇಂಬರ್ ತುಂಬಿದೊಡನೆ ಸುಮ್ಮನಾಗಬೇಕು. ಸದ್ದೂ ನಿಲ್ಲದೆ ಬಾಟಲಿಗೂ ಪೆಟ್ರೋಲ್ ಬಂದರೆ ನೀಡಲ್ ವಾಲ್ವ್ ಮುಚ್ಚುತ್ತಿಲ್ಲ ಎಂದರ್ಥ. ಸ್ಕ್ರೂಡ್ರೈವರ್ ಹಿಡಿಕೆಯಿಂದ ಚೇಂಬರಿಗೆ ಮೆಲ್ಲಗೆ ತಟ್ಟಿ. ತಟ್ಟಿದಾಗ ನಿಂತರೆ ಕಸ ಸಿಕ್ಕಿಕೊಂಡಿರುತ್ತದೆ: ಟ್ಯಾಂಕಿನ ತುಕ್ಕು, ಇಲ್ಲವೇ ಹಳೇ ಹೋಸ್‌ನೊಳಗಿನ ರಬ್ಬರ್ ಚೂರು. ಹೋಸ್ ಬದಲಿಸದೆ ವಾಲ್ವ್ ಮಾತ್ರ ತೊಳೆದರೆ ಮತ್ತೆ ಅದೇ ಪಾಡು.

ನಿಲ್ಲದಿದ್ದರೆ ಮೂರು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯಿರಿ. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ; ಒಳಗೆ ಕುಲುಕಿದ ಸದ್ದು ಬಂದರೆ ಅದು ಪೆಟ್ರೋಲ್ ಕುಡಿದು ಮುಳುಗಿದೆ. ಬಿಸಾಡಿ, ಅಂಟು ಹಚ್ಚಬೇಡಿ. ನೀಡಲ್ ತುದಿಯಲ್ಲಿ ಸುತ್ತಲೂ ಗೀರು ಬಿದ್ದಿದ್ದರೆ ನೀಡಲ್ ಮತ್ತು ಅದು ಕೂರುವ ಸೀಟ್ ಎರಡನ್ನೂ ಜೋಡಿಯಾಗಿ ಬದಲಿಸಿ. ಹಳೇ ಸೀಟಿಗೆ ಹೊಸ ನೀಡಲ್ ಹಾಕುವುದು ಬರೀ ದಂಡ.

ಜೋಡಿಸುವ ಮುನ್ನ ಮುಚ್ಚಳವನ್ನು ತಲೆಕೆಳಗಾಗಿ ಹಿಡಿಯಿರಿ. ಮುಚ್ಚಳದ ಅಂಚಿಗೂ ಫ್ಲೋಟ್‌ಗೂ ನಡುವೆ 3.2ರಿಂದ 4.8 ಮಿ.ಮೀ. ಸಂದು ಇರಬೇಕು, 4 ಮಿ.ಮೀ. ಡ್ರಿಲ್ ಬಿಟ್ ತೂರಿಸಿ ನೋಡಿದರೆ ಸಾಕು. ಸಂದು ಕಡಿಮೆಯಿದ್ದರೆ ಪೆಟ್ರೋಲ್ ಮಟ್ಟ ಹೆಚ್ಚುತ್ತದೆ. ಫ್ಲೋಟ್‌ನ ತೋಳು ಲೋಹದ್ದಾದರೆ ಒಂಚೂರು ಬಗ್ಗಿಸಿ. ಪೂರ್ತಿ ಪ್ಲಾಸ್ಟಿಕ್ ಆದರೆ ಬಗ್ಗಿಸಲು ಹೋಗಬೇಡಿ, ಸೀಟಿನಡಿ ತೆಳು ವಾಷರ್ ಕೊಡಿ.

ಇಷ್ಟೆಲ್ಲ ಸರಿಯಿದ್ದೂ ಉಕ್ಕಿದರೆ ಪಂಪ್ ನೋಡಿ. ಈ ಕಾರ್ಬ್ಯುರೇಟರ್‌ಗೆ 3 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆಸುಪಾಸಿನ ಒತ್ತಡ ಸಾಕು. ಯಾರದೋ ಮಾತು ಕೇಳಿ 6 ಪಿಎಸ್‌ಐ ಪಂಪ್ ಕೂರಿಸಿದ್ದರೆ ಹೊಸ ವಾಲ್ವೂ ತಡೆಯದು.

ಪ್ರಶ್ನೆ: ಡ್ಯಾಶ್‌ಪಾಟ್‌ಗೆ (ಕಾರ್ಬ್ಯುರೇಟರ್ ಮೇಲಿನ ಆಯಿಲ್ ತುಂಬುವ ಭಾಗ) ಗಟ್ಟಿ ಆಯಿಲ್ ಹಾಕಿದರೆ ಉಕ್ಕುವುದು ನಿಲ್ಲುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ನಿಜವೇ?

ಉತ್ತರ: ಸುಳ್ಳು. ಮೆಕ್ಯಾನಿಕ್ ಬದಲಿಸಿ.

ಪ್ರಶ್ನೆ: ಎರಡನ್ನೂ ಕಿತ್ತು ವೆಬರ್ ಕಾರ್ಬ್ಯುರೇಟರ್ ಹಾಕಿಸಲೇ?

ಉತ್ತರ: ಅದರಲ್ಲೂ ಫ್ಲೋಟ್ ಇದೆ, ನೀಡಲ್ ವಾಲ್ವ್ ಇದೆ.