ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಹಳೇ ಕಾಡ್ (cod) ಮೀನಿನ ಲೆಕ್ಕದಲ್ಲಿರುವ ಕ್ವಿಂಟಲನ್ನು ಕಿಲೋಗೆ ಬದಲಿಸುವುದು ಹೇಗೆ?

ನಾನೂ ಇದೇ ಲೆಡ್ಜರ್‌ಗಳ ಮುಂದೆ ಕೂತವನು. ಅಲ್ಲಿನ ಸೇಂಟ್ ಜಾನ್ಸ್ ಊರಲ್ಲಿ ಎಂಎ ಓದುವಾಗ 19ನೇ ಶತಮಾನದ ಒಬ್ಬ ಮೀನು ವ್ಯಾಪಾರಿಯ ಖಾತೆಗಳನ್ನು ಎಕ್ಸೆಲ್‌ಗೆ ಇಳಿಸುತ್ತಿದ್ದೆ. ನಮ್ಮದು ಶಿವಮೊಗ್ಗ ಕಡೆಯ ಅಡಿಕೆ ಬೆಳೆಯುವ ಮನೆ. ಕ್ವಿಂಟಲ್ ಅಂದರೆ 100 ಕಿಲೋ, ಅದರಲ್ಲಿ ಕೇಳುವುದೇನಿದೆ ಅಂದುಕೊಂಡು ಇಡೀ ಕಾಲಮ್ಮನ್ನು ನೂರರಿಂದ ಗುಣಿಸಿಬಿಟ್ಟೆ.

ಅಲ್ಲಿನ ಕ್ವಿಂಟಲ್ 112 ಪೌಂಡ್. ಅಂದರೆ 51 ಕಿಲೋಗೂ ಚೂರು ಕಡಿಮೆ. ಅಷ್ಟೇ ಆಗಿದ್ದರೆ ಅರ್ಧ ಮಾಡಿದರೆ ಸಾಕಿತ್ತು. ಲೆಡ್ಜರ್‌ನಲ್ಲಿ 14-2-11 ಅಂತ ಬರೆದಿರುತ್ತಾರೆ, ನಾನು 14.2 ಅಂತ ಟೈಪ್ ಮಾಡಿ 11 ಬಿಟ್ಟಿದ್ದೆ. ಅದು 14 ಕ್ವಿಂಟಲ್, 2 ಕ್ವಾರ್ಟರ್, 11 ಪೌಂಡ್. 28 ಪೌಂಡಿಗೆ ಒಂದು ಕ್ವಾರ್ಟರ್, ನಾಲ್ಕು ಕ್ವಾರ್ಟರ್‌ಗೆ ಒಂದು ಕ್ವಿಂಟಲ್. ಒಟ್ಟು 1,635 ಪೌಂಡ್, ಸುಮಾರು 742 ಕಿಲೋ. ನನ್ನ ಹಾಳೆಯಲ್ಲಿ 1,420 ಇತ್ತು! ಸಾಲದ್ದಕ್ಕೆ ಅದು ಉಪ್ಪು ಹಾಕಿ ಒಣಗಿಸಿದ ಮೀನಿನ ತೂಕ. ನಾನು ಹಸಿ ಮೀನು ಅಂತ ತಿಳಿದು, ದೋಣಿಗೆ ಇಷ್ಟು ಹಿಡಿದರು ಅಂತ ವಾದ ಕಟ್ಟಿದ್ದೆ. ಒಂದು ಕ್ವಿಂಟಲ್ ಒಣಮೀನಿಗೆ ಅದರ ಹಲವು ಪಟ್ಟು ಹಸಿ ಮೀನು ಬೇಕು. ಇಡೀ ಅಧ್ಯಾಯ ಹೊಸದಾಗಿ ಬರೆಯಬೇಕಾಯಿತು, ಪದವಿ ತಡವಾಯಿತು.

ಹಾಗಾಗಿ ಕಿಲೋ ಆಸೆಯನ್ನೇ ಬಿಡಿ ಅಂತೀನಿ. ಮೀನುಗಾರನಿಗೆ ಸಿಗುವ ದುಡ್ಡು ಬರೀ ತೂಕದ ಮೇಲೆ ನಿಂತಿರಲಿಲ್ಲ. ವ್ಯಾಪಾರಿಯ ಮೀನು ಇಳಿಸುವ ಧಕ್ಕೆಯಲ್ಲಿ ಕಲ್ಲರ್ ಅನ್ನುವವನು ಒಂದೊಂದೇ ಮೀನನ್ನು ಎತ್ತಿ ನೋಡಿ, ಬೇರೆ ಬೇರೆ ಗುಡ್ಡೆಗೆ ಎಸೆಯುತ್ತಿದ್ದ. ಚೆನ್ನಾಗಿರುವುದು ಮರ್ಚಂಟಬಲ್, ಅದಕ್ಕಿಂತ ಕೆಳಗೆ ಮಡೀರಾ, ತೀರಾ ಕಳಪೆ ವೆಸ್ಟ್ ಇಂಡಿಯಾ. ನಮ್ಮ ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲಿಗೆ ಬೇರೆ ಬೇರೆ ದರ ಇರುತ್ತಲ್ಲ, ಹಾಗೆ. ಆ ಕಳಪೆ ಮೀನು ಕೆರಿಬಿಯನ್ ಕಬ್ಬಿನ ತೋಟಗಳಿಗೆ, ಗುಲಾಮರ ಊಟಕ್ಕೆ ಅಂತ ಹೋಗುತ್ತಿತ್ತು. ಗುಲಾಮಗಿರಿ ಹೋದ ಮೇಲೂ ಅಲ್ಲಿನ ಬಡವರು ತಿಂದಿದ್ದು ಅದನ್ನೇ. ಮೀನುಗಾರ ಸಾಲಕ್ಕೆ ತಂದ ಹಿಟ್ಟು, ಉಪ್ಪು, ಗಾಳದ ದಾರದ ಬಾಕಿ ಆ ವರ್ಷ ತೀರುತ್ತದೋ ಇಲ್ಲವೋ ಅನ್ನುವುದು ಕಲ್ಲರ್‌ನ ಕೈಯಲ್ಲಿತ್ತು. ಇದನ್ನು ಯಾವ ಕಿಲೋ ಹೇಳುತ್ತದೆ?

ಮೂರು ಅಂಕಿಗೆ ಮೂರು ಕಾಲಮ್ ಇಡಿ, ಪಕ್ಕದಲ್ಲೇ ದರ್ಜೆ ಮತ್ತು ದರ. 'ತಾಲ್ ಕ್ವಾಲ್' ಅಂತ ಕಂಡರೆ ಆರಿಸದೆ ಎಲ್ಲಕ್ಕೂ ಒಂದೇ ದರ ಕೊಟ್ಟಿದ್ದಾರೆ ಅಂತ. ಅವನ್ನು ಬೇರೆ ಗುರುತು ಮಾಡಿ, ಇಲ್ಲದಿದ್ದರೆ ಸರಾಸರಿ ದರ ಹಾಳಾಗುತ್ತದೆ. ಸ್ಪೇನ್, ಪೋರ್ಚುಗಲ್ ಕಡೆಯ ಕಾಗದ ಸಿಕ್ಕರೆ ಅದನ್ನು ಈ ಹಾಳೆಗೆ ಸೇರಿಸಲೇಬೇಡಿ. ಸ್ಪೇನಿನ ಹಳೇ ಕ್ವಿಂಟಲ್ ಸುಮಾರು 46 ಕಿಲೋ, ಪೋರ್ಚುಗಲ್ಲಿನದು 58ಕ್ಕೂ ಜಾಸ್ತಿ.